ತುದಿಗೆ ಅಂಟಿದ ಲೋಳೆ

ಪಾಂಡವಪುರದ ಹತ್ತಿರ ನನ್ನ ಅಕ್ಕನ ಮನೆ. ಗದ್ದೆಯ ಮೂಲೆಯಲ್ಲಿ, ನಾಲೆ ನೀರು ಬರುವ ಕಡೆ, ಭಾವ ಒಂದು ಮೀನಿನ ಹೊಂಡ ಮಾಡಿಕೊಂಡಿದ್ದಾರೆ. ಕಾಟ್ಲಾ, ರೋಹು, ಮೃಗಾಲ್ ಮೂರರ ಮರಿಗಳನ್ನೂ ಬಿಟ್ಟಿದ್ದಾರೆ. ಹೋದ ಬೇಸಿಗೆಯಲ್ಲಿ ಒಂದು ದಿನ ಮಧ್ಯಾಹ್ನ ಎರಡು ಗಂಟೆಗೆ ಫೋನ್ ಮಾಡಿದರು. "ನಿನ್ನ ಮಿಷಿನ್ ಕೆಟ್ಟೋಯ್ತು ಕಣಪ್ಪ. ಎರಡು ಅಂತ ತೋರಿಸ್ತಾ ಅದೆ. ಮೀನು ನೋಡಿದ್ರೆ ಚೆನ್ನಾಗೇ ಓಡಾಡ್ಕೊಂಡವೆ."

ನೀರಿನಲ್ಲಿ ಕರಗಿರುವ ಆಮ್ಲಜನಕ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಅಳೆಯುವ ಮೀಟರ್ ಅದು, ನಾನೇ ತಂದುಕೊಟ್ಟಿದ್ದು. ಭಾನುವಾರ ಮೈಸೂರಿನಿಂದ ಹೋದೆ. ಪ್ರೋಬನ್ನು ನೀರಿನಿಂದ ಎತ್ತಿ ತುದಿ ಮುಟ್ಟಿದರೆ ಬೆರಳು ಜಾರಿತು. ಕಣ್ಣಿಗೆ ಸರಿಯಾಗಿ ಕಾಣದಷ್ಟು ತೆಳ್ಳಗೆ, ಕಂದು ಹಸಿರು ಬಣ್ಣದ ಲೋಳೆ. ಹಳೇ ಪಂಚೆಯ ಚೂರಿನಿಂದ ಮೆಲ್ಲಗೆ ಒರೆಸಿ ಮತ್ತೆ ನೀರಿಗಿಟ್ಟು ಆಡಿಸಿದೆ. ಅಂಕಿ ನಿಧಾನಕ್ಕೆ ಏರುತ್ತಾ ಹೋಗಿ 7.8ಕ್ಕೆ ನಿಂತಿತು.

ಈ ಲೋಳೆಯ ಬಗ್ಗೆ ಬರೆಯಬೇಕು ಅಂತ ಆವತ್ತೇ ಅನ್ನಿಸಿತು. ಯಾಕಂದ್ರೆ ಮಾನಸಗಂಗೋತ್ರಿಯಲ್ಲಿ ಓದುವಾಗ ನಾನು ಎಲೆಕ್ಟ್ರೋಡುಗಳ, ಅಂದರೆ ಕರೆಂಟ್ ಮೂಲಕ ರಾಸಾಯನಿಕ ಅಳೆಯುವ ತಂತಿಗಳ ಜೊತೆ ದಿನಗಟ್ಟಲೆ ಕೂತವನು. ಹೊಂಡದಲ್ಲಿ, ರಕ್ತದಲ್ಲಿ, ಮೆದುಳಿನಲ್ಲಿ ಏನೇ ಅಳೆಯಲು ಹೋದರೂ ಕಾಡುವುದು ಇದೇ ಸಮಸ್ಯೆ. ಜೀವ ಇರುವ ಕಡೆ ಒಂದು ತಂತಿ ಇಟ್ಟರೆ ಆ ಜೀವ ಸುಮ್ನೆ ಇರುವುದಿಲ್ಲ, ಬಂದು ಅದರ ಮೇಲೆ ಕೂರುತ್ತದೆ.

ಮೊದಲು ಹೊಂಡದ ಲೆಕ್ಕ. ಒಂದು ಲೀಟರ್ ಗಾಳಿಯಲ್ಲಿ ಹತ್ತಿರ ಹತ್ತಿರ 250 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 30 ಡಿಗ್ರಿ ಬಿಸಿಯ ಒಂದು ಲೀಟರ್ ನೀರು ಗಾಳಿಯಿಂದ ಹೀರಿ ಇಟ್ಟುಕೊಳ್ಳುವುದು ಹೆಚ್ಚೆಂದರೆ 7.5 ಮಿಲಿಗ್ರಾಂ. ಮಂಡ್ಯದಂಥ ಎತ್ತರದ ಊರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆಯೇ. ಮೀನು ಬದುಕುವುದು ಇಷ್ಟು ಬಡತನದಲ್ಲಿ. ಹಗಲು ಬಿಸಿಲಿಗೆ ನೀರಿನ ಪಾಚಿ ಆಮ್ಲಜನಕ ಬಿಡುತ್ತದೆ, ಅದಕ್ಕೇ ಮಧ್ಯಾಹ್ನ 7.8 ಬಂದಿದ್ದು. ರಾತ್ರಿ ಅದೇ ಪಾಚಿ ಮೀನಿನ ಜೊತೆ ಪೈಪೋಟಿಗೆ ಬಿದ್ದು ಉಸಿರಾಡುತ್ತದೆ. ಹೊಂಡದ ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳೂ ಉಸಿರಾಡುತ್ತವೆ. ಬೆಳಕು ಹರಿಯುವ ಮುಂಚೆ ಮಟ್ಟ ತೀರಾ ಕೆಳಗೆ ಹೋಗಿರುತ್ತದೆ. 5 ಮಿಲಿಗ್ರಾಂ ಇದ್ದರೆ ಈ ಮೀನುಗಳಿಗೆ ನೆಮ್ಮದಿ, 3ಕ್ಕಿಂತ ಇಳಿದರೆ ಕಷ್ಟ, 1ರ ಹತ್ತಿರ ಬಂದರೆ ಸಾವು. ಹಿಂದಿನ ದಿನ ಮೋಡ ಇದ್ದರಂತೂ ಬೆಳಗಿನ ಜಾವ ಹೊಂಡದ ತುಂಬ ಬಾಯಿಗಳೇ ಕಾಣುತ್ತವೆ. ಮೀನು ಗಾಳಿ ಕುಡಿಯಲು ಮೇಲೆ ಬಂದಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಗಾಳಿಗೆ ತಾಗಿಕೊಂಡಿರುವ ನೀರಿನ ತೆಳು ಪದರದಲ್ಲಿ ಮಾತ್ರ ಆಮ್ಲಜನಕ ಉಳಿದಿರುತ್ತದೆ, ಅದನ್ನು ಕಿವಿರಿಗೆ ಎಳೆದುಕೊಳ್ಳುತ್ತಿರುತ್ತದೆ.

ಹಾಗೆ ಮೇಲೆ ಹೋಗು ಅಂತ ಮೀನಿಗೆ ಹೇಳುವುದು ಯಾರು? ಕಿವಿರಿನಲ್ಲಿ ಆಮ್ಲಜನಕ ಕಡಿಮೆಯಾದದ್ದನ್ನು ಗುರುತಿಸುವ ವಿಶೇಷ ಕೋಶಗಳಿವೆ. ಅವುಗಳ ಹೊರಪೊರೆಯಲ್ಲಿ ಪೊಟ್ಯಾಸಿಯಂ ಹೊರಗೆ ಹೋಗುವ ಪುಟ್ಟ ಬಾಗಿಲುಗಳಿವೆ. ಆಮ್ಲಜನಕ ಇಳಿದರೆ ಆ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ, ಕೋಶದ ವೋಲ್ಟೇಜ್ ಬದಲಾಗುತ್ತದೆ, ಸುದ್ದಿ ನರದ ಮೂಲಕ ಮೆದುಳಿನ ಬುಡಕ್ಕೆ ಹೋಗುತ್ತದೆ. ಅಂದರೆ ಭಾವನ ಹೊಂಡದಲ್ಲಿ ನಾನು ಇಟ್ಟ ಒಂದು ಪ್ರೋಬಿಗೆ ಮುಂಚೆಯೇ ಮೀನಿಗೊಂದರಂತೆ ಸಾವಿರಾರು ಮೀಟರುಗಳು ಇದ್ದವು, ಅಲ್ವಾ?

ನಮ್ಮ ಮೀಟರಿನ ಕಥೆ ಶುರುವಾದದ್ದು ಮೀನಿನಿಂದಲ್ಲ, ರಕ್ತದಿಂದ. ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್, ದೇಹದ ಹೊರಗೇ ರಕ್ತಕ್ಕೆ ಆಮ್ಲಜನಕ ಬೆರೆಸುವ ಯಂತ್ರ ಮಾಡಿದ್ದರು. ಎಷ್ಟು ಬೆರೆಯಿತು ಅಂತ ರಕ್ತದಲ್ಲೇ ಅಳೆಯಲು ಅವರ ಹತ್ತಿರ ಸರಿಯಾದ ದಾರಿ ಇರಲಿಲ್ಲ. ಪ್ಲಾಟಿನಂ ತಂತಿಗೆ ಸಣ್ಣ ವೋಲ್ಟೇಜ್ ಕೊಟ್ಟರೆ ಅದರ ತುದಿಯಲ್ಲಿ ಆಮ್ಲಜನಕ ಎಲೆಕ್ಟ್ರಾನ್ ಹೀರಿಕೊಳ್ಳುತ್ತದೆ, ಹರಿಯುವ ಕರೆಂಟ್ ನೋಡಿ ಎಷ್ಟಿದೆ ಅಂತ ಹೇಳಬಹುದು ಅನ್ನುವುದು ಅದಕ್ಕೂ ಮುಂಚೆಯೇ ಗೊತ್ತಿತ್ತು. ಆದರೆ ರಕ್ತಕ್ಕೆ ಇಟ್ಟ ತಕ್ಷಣ ಪ್ರೋಟೀನ್ ಬಂದು ತಂತಿಗೆ ಮೆತ್ತಿಕೊಳ್ಳುತ್ತಿತ್ತು. ಕ್ಲಾರ್ಕ್ ಮೊದಲು ತಂತಿಗೆ ಸೆಲೋಫೇನ್ ಹಾಳೆ ಸುತ್ತಿದರು. 1954ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪ್ಲಾಟಿನಂ, ಬೆಳ್ಳಿ ಎರಡನ್ನೂ ಸ್ವಲ್ಪ ಉಪ್ಪುನೀರಿನ ಜೊತೆ ಒಂದೇ ಪಾಲಿಥೀನ್ ಹಾಳೆಯ ಹಿಂದೆ ಸೇರಿಸಿಬಿಟ್ಟರು. ಹಾಳೆಯನ್ನು ದಾಟಿ ಆಮ್ಲಜನಕ ಬರುತ್ತದೆ, ಪ್ರೋಟೀನ್ ಬರುವುದಿಲ್ಲ. 1956ರಲ್ಲಿ ಅದು ಪ್ರಕಟವಾಯಿತು. ಕರೆಂಟ್ ಅಳೆಯುವುದು ಎಲ್ಲರಿಗೂ ಬರುತ್ತಿತ್ತು, ಆ ಹಾಳೆಯೇ ಇಲ್ಲಿ ದೊಡ್ಡ ವಿಚಾರ ಅಂತ ನನಗೆ ಅನ್ನಿಸುತ್ತದೆ. 1962ರಲ್ಲಿ ಅದೇ ಕ್ಲಾರ್ಕ್, ಹಾಳೆಯ ಹತ್ತಿರ ಆಮ್ಲಜನಕ ಬಳಸಿ ಗ್ಲೂಕೋಸನ್ನು ಮಾರ್ಪಡಿಸುವ ಕಿಣ್ವವನ್ನು ಕೂರಿಸುವ ದಾರಿ ತೋರಿಸಿದರು. ಇವತ್ತು ನಮ್ಮ ಮನೆಯಲ್ಲಿ ಅಮ್ಮ ಬೆಳಿಗ್ಗೆ ಬೆರಳು ಚುಚ್ಚಿ ಶುಗರ್ ನೋಡಿಕೊಳ್ಳುವ ಸ್ಟ್ರಿಪ್ಪು ಅದೇ ವಂಶದ್ದು.

ಈ ಪ್ರೋಬ್ ಅಳೆಯುವಾಗ ತಾನೂ ಸ್ವಲ್ಪ ಆಮ್ಲಜನಕ ತಿನ್ನುತ್ತದೆ. ನಿಂತ ನೀರಲ್ಲಿ ಸುಮ್ನೆ ಇಟ್ಟರೆ ತನ್ನ ಮುಂದಿನ ನೀರನ್ನೇ ಬರಿದು ಮಾಡಿಕೊಂಡು ಅಂಕಿ ಇಳಿಯುತ್ತಾ ಹೋಗುತ್ತದೆ. ಅದಕ್ಕೇ ಆಡಿಸುತ್ತಿರಬೇಕು. ಹಾಳೆಯ ಮೇಲೆ ಲೋಳೆ ಕೂತರೆ ಇನ್ನೂ ಕಷ್ಟ. ಲೋಳೆಯಲ್ಲಿರುವ ಜೀವಿಗಳು ಬರುವ ಆಮ್ಲಜನಕವನ್ನು ದಾರಿಯಲ್ಲೇ ತಿಂದುಬಿಡುತ್ತವೆ, ಉಳಿದದ್ದು ಮಾತ್ರ ಒಳಗೆ ಹೋಗುತ್ತದೆ. ಭಾವನ ಮೀಟರ್ ಕೆಟ್ಟಿರಲಿಲ್ಲ. ಅದು ಹೊಂಡವನ್ನು ಬಿಟ್ಟು ಲೋಳೆಯನ್ನು ಅಳೆಯುತ್ತಿತ್ತು.

ಇನ್ನು ಮೆದುಳು. ನರಕೋಶಗಳು ಸುದ್ದಿ ಕಳಿಸಲು ಬಳಸುವ ಡೋಪಮಿನ್ ಎಂಬ ರಾಸಾಯನಿಕ ಕಾರ್ಬನ್ ತಂತಿಯ ಮೇಲೆ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಹಾಗಾಗಿ ಅದನ್ನೂ ಕರೆಂಟಾಗಿ ಅಳೆಯಬಹುದು. 1970ರ ದಶಕದ ಶುರುವಿನಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ರಾಲ್ಫ್ ಆ್ಯಡಮ್ಸ್ ತಂಡ ಇಲಿಯ ಮೆದುಳಿಗೆ ಕಾರ್ಬನ್ ಎಲೆಕ್ಟ್ರೋಡ್ ಇಟ್ಟು ನೋಡಿತು. ಕರೆಂಟೇನೋ ಬಂತು, ಆದರೆ ಯಾರದ್ದು? ಮೆದುಳಿನಲ್ಲಿ ವಿಟಮಿನ್ ಸಿ ಡೋಪಮಿನ್‌ಗಿಂತ ನೂರಾರು, ಸಾವಿರಾರು ಪಟ್ಟು ಜಾಸ್ತಿ. ಅದೂ ಸರಿಸುಮಾರು ಅದೇ ವೋಲ್ಟೇಜಿಗೆ ಎಲೆಕ್ಟ್ರಾನ್ ಬಿಡುತ್ತದೆ. ಲ್ಯಾಬಿನಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಎಲೆಕ್ಟ್ರೋಡನ್ನು ಅಲ್ಯುಮಿನಾ ಪುಡಿ ಹಾಕಿದ ಒದ್ದೆ ಬಟ್ಟೆಯ ಮೇಲೆ ಎಂಟರ ಆಕಾರದಲ್ಲಿ ಉಜ್ಜಿ, ಕನ್ನಡಿಯ ಹಾಗೆ ಹೊಳೆಯುವಂತೆ ಮಾಡಿ, ಡೋಪಮಿನ್ ದ್ರಾವಣಕ್ಕೆ ಒಂದು ಹನಿ ವಿಟಮಿನ್ ಸಿ ಬಿಟ್ಟರೆ ಸಾಕು, ಕರೆಂಟಿನ ಗ್ರಾಫಿನಲ್ಲಿ ಎರಡರ ಗುಡ್ಡಗಳೂ ಸೇರಿ ಒಂದೇ ಗುಡ್ಡವಾಗುತ್ತಿದ್ದವು. ಹತ್ತು ಸಲ ಅಳೆಯುವಷ್ಟರಲ್ಲಿ ಆ ಗುಡ್ಡವೂ ಕುಗ್ಗುತ್ತಿತ್ತು. ಡೋಪಮಿನ್ ತಾನೇ ಒಂದಕ್ಕೊಂದು ಅಂಟಿಕೊಂಡು ತುದಿಯ ಮೇಲೆ ಪದರ ಕಟ್ಟುತ್ತದೆ. ಮತ್ತೆ ಉಜ್ಜು, ಮತ್ತೆ ಅಳೆ.

ಇಲ್ಲೂ ದಾರಿ ಸಿಕ್ಕಿದ್ದು ಹಾಳೆಯಿಂದಲೇ. ನಾಫಿಯಾನ್ ಎಂಬ, ಋಣ ವಿದ್ಯುತ್ ಇರುವ ಪದರವನ್ನು ಬಳಿದರೆ ಅದು ಋಣವಾಗಿರುವ ವಿಟಮಿನ್ ಸಿಯನ್ನು ದೂರ ತಳ್ಳುತ್ತದೆ, ಧನವಾಗಿರುವ ಡೋಪಮಿನ್ನನ್ನು ಒಳಗೆ ಬಿಡುತ್ತದೆ. ಇನ್ನೊಂದು ದಾರಿ ವೇಗ. ಕೂದಲಿಗಿಂತ ಎಷ್ಟೋ ತೆಳ್ಳಗಿನ, ಸುಮಾರು 7 ಮೈಕ್ರೋಮೀಟರ್ ದಪ್ಪದ ಕಾರ್ಬನ್ ನಾರಿನ ವೋಲ್ಟೇಜನ್ನು ಸೆಕೆಂಡಿಗೆ 10 ಸಲ, ಪ್ರತಿ ಸಲ 10 ಮಿಲಿಸೆಕೆಂಡಿಗೂ ಕಡಿಮೆ ಸಮಯದಲ್ಲಿ ಏರಿಸಿ ಇಳಿಸುತ್ತಾರೆ. ಆಗ ಗ್ರಾಫಿನಲ್ಲಿ ಪ್ರತಿ ರಾಸಾಯನಿಕದ ಗೆರೆಯೂ ತನ್ನದೇ ಆಕಾರದಲ್ಲಿ ಬರುತ್ತದೆ. ಪಾರ್ಕಿನ್ಸನ್ ರೋಗಿಗಳಿಗೆ ಮೆದುಳಿನ ಶಸ್ತ್ರಚಿಕಿತ್ಸೆ ಮಾಡುವಾಗ, ಅವರ ಒಪ್ಪಿಗೆ ಪಡೆದು, ಹೀಗೆ ಅಳೆದದ್ದೂ ಇದೆ.

ಇದನ್ನೆಲ್ಲ ಹೊಂಡದ ಏರಿಯ ಮೇಲೆ ಕೂತು ಹೇಳುತ್ತಿದ್ದಾಗ ಭಾವ ಒಂದು ಪ್ರಶ್ನೆ ಕೇಳಿದರು. "ಇಲ್ಲಾದ್ರೆ ಬಟ್ಟೆ ತಗೊಂಡು ಒರೆಸ್ತೀವಿ. ಮೆದುಳೊಳಗೆ ಯಾರು ಒರೆಸ್ತಾರೆ?"

ಅದಕ್ಕೆ ಉತ್ತರ ಇದೆ, ನನಗೆ ತುಂಬ ಇಷ್ಟವಾದ ಉತ್ತರ. ಪ್ರತಿ ಸಲ ವೋಲ್ಟೇಜನ್ನು 1.3 ವೋಲ್ಟ್‌ವರೆಗೆ ಏರಿಸಿದರೆ ಕಾರ್ಬನ್ನಿನ ಮೇಲ್ಪದರ ಸ್ವಲ್ಪ ಸ್ವಲ್ಪವೇ ಕರಗಿ ಹೋಗುತ್ತದೆ, ಅದರ ಜೊತೆ ಅಂಟಿದ್ದೂ ಹೋಗುತ್ತದೆ. ಹಾವು ಪೊರೆ ಬಿಟ್ಟ ಹಾಗೆ. ನಾರು ದಿನದಿಂದ ದಿನಕ್ಕೆ ಸಣ್ಣಗಾಗುತ್ತದೆ, ಆದರೆ ತುದಿ ಹೊಸದಾಗಿಯೇ ಇರುತ್ತದೆ.

ಆ ರಾತ್ರಿ ಅಲ್ಲೇ ಉಳಿದೆ. ಸಂಜೆಯೇ ಮೋಡ ಕಟ್ಟಿತ್ತು. ಬೆಳಗಿನ ಜಾವ ಐದಕ್ಕೆ ಭಾವ ಎಬ್ಬಿಸಿದರು. ಪ್ರೋಬಿನ ವೈರಿಗೆ ಪಂಚೆಯ ಚೂರನ್ನು ಗಂಟು ಹಾಕಿ ಇಟ್ಟುಕೊಂಡಿದ್ದರು. ತುದಿ ಒರೆಸಿ, ನೀರಿಗಿಟ್ಟು ಆಡಿಸಿ, ಟಾರ್ಚ್ ಹಿಡಿದು ನೋಡಿದೆವು. 2.3. ಬೆಳಕಿನ ಪಕ್ಕದಲ್ಲೇ ಕಾಟ್ಲಾಗಳ ದಪ್ಪ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಭಾವ ಓಡಿಹೋಗಿ ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕಿದರು.