ಪರಿಚಯದವರ ಕೇಸು ಬಂದರೆ ಪೀಠದಿಂದ ಏಳಬೇಕಾ?

ಓದುಗರ ಪ್ರಶ್ನೆ: ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೊಸದಾಗಿ ಸದಸ್ಯೆಯಾಗಿ ಬಂದಿದ್ದೇನೆ. ಹಾವೇರಿ ಕಡೆ ಊರುಗಳು ಸಣ್ಣವು. ದೂರುದಾರರೋ, ಎದುರುದಾರರೋ, ವಕೀಲರೋ, ಯಾರಾದರೊಬ್ಬರು ಗುರುತಿನವರು ಇದ್ದೇ ಇರುತ್ತಾರೆ. ಪ್ರತಿ ಸಲ ಹಿಂದೆ ಸರಿಯಬೇಕಾ?

ಬೇಡ. ಆದರೆ ಪ್ರತಿ ಸಲ ಬಾಯಿ ಬಿಟ್ಟು ಹೇಳಬೇಕು.

ನಮ್ಮ ಭಾಗದ ಎಷ್ಟೋ ವಕೀಲರು ಧಾರವಾಡದ ಸರ್ ಸಿದ್ದಪ್ಪ ಕಂಬಳಿ ಕಾನೂನು ಕಾಲೇಜಿನಲ್ಲಿ ಕಲಿತವರು. ಜೊತೆಗೆ ಓದಿದವರು ವಾದಕ್ಕೆ ನಿಂತಾಗಲೆಲ್ಲ ಎದ್ದು ಹೋದರೆ ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಕೇಸು ಕೇಳುವವರೇ ಸಿಗುವುದಿಲ್ಲ. ಎದುರುದಾರರಿಗೆ ನೋಟಿಸ್ ಮುಟ್ಟಿದ 3 ತಿಂಗಳೊಳಗೆ ದೂರು ತೀರ್ಮಾನಿಸಲು ಯತ್ನಿಸಬೇಕು ಅನ್ನುತ್ತದೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳು. ನೀವು ಸುಮ್ನೆ ಹಿಂದೆ ಸರಿದರೆ ಆ ದಿನಗಳು ಯಾರದು? ಮೊಳಕೆ ಬಾರದ ಬೀಜಕ್ಕೆ ಪರಿಹಾರ ಕೇಳಿ ಬಂದ ಬ್ಯಾಡಗಿಯ ರೈತರದು.

ಹಣದ ನಂಟು ಇದ್ದರೆ ಮಾತ್ರ ಚರ್ಚೆಯೇ ಬೇಡ. ದೊಡ್ಡ ಬ್ಯಾಂಕಿನಲ್ಲಿ ನಿಮ್ಮದೊಂದು ಉಳಿತಾಯ ಖಾತೆ ಇದ್ದರೆ ಅದು ನಂಟಲ್ಲ. ಎದುರುದಾರ ಸೊಸೈಟಿಯಲ್ಲಿ ನಿಮ್ಮ ಷೇರು ಇದ್ದರೆ ನಂಟು. ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಕಾಟನ್‌ಹ್ಯಾಮ್ ಕೊಟ್ಟಿದ್ದ ಆದೇಶ 1852ರಲ್ಲಿ ರದ್ದಾಯಿತು. ಗೆದ್ದ ಕಾಲುವೆ ಕಂಪನಿಯಲ್ಲಿ ಅವರ ಷೇರುಗಳಿದ್ದವು. ಅವರು ಅದರಿಂದ ವಾಲಿದರೆಂದು ಯಾರೂ ಹೇಳಲಿಲ್ಲ. ಆದರೂ ಆದೇಶ ನಿಲ್ಲಲಿಲ್ಲ.

ಹತ್ತಿರದ ಸಂಬಂಧಕ್ಕೂ ಇದೇ ಉತ್ತರ. ಬೀಜ ಮಾರಿದ ಅಂಗಡಿಯವರು ನಿಮ್ಮ ಬೀಗರಾದರೆ ಏಳಿ. ‘ನನ್ನ ಮನಸ್ಸು ಶುದ್ಧ ಇದೆ’ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ರಂಜಿತ್ ಠಾಕೂರ್ ಪ್ರಕರಣದಲ್ಲಿ, 1987ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ. ತೀರ್ಪು ಕೊಡುವವರು ತಮ್ಮ ಮನಸ್ಸನ್ನಲ್ಲ, ಎದುರು ನಿಂತವರ ಮನಸ್ಸನ್ನು ನೋಡಬೇಕು. ಆ ರೈತರ ಜಾಗದಲ್ಲಿ ನಿಂತು ನೋಡಿ. ನಂಬಿಕೆ ಬರುತ್ತದಾ?

ಸಹಪಾಠಿ, ಓಣಿಯವರು, ಹಳೆಯ ಕಕ್ಷಿದಾರರು ಇವೆಲ್ಲ ನಡುವಿನವು. ಮೊದಲ ದಿನವೇ ಇಬ್ಬರ ಎದುರೂ ಹೇಳಿ, ಆರ್ಡರ್ ಶೀಟಿನಲ್ಲಿ ಬರೆಸಿ, ಆಕ್ಷೇಪ ಇದೆಯಾ ಕೇಳಿ. ಆಕ್ಷೇಪ ಬಂದರೆ ಬೇಜಾರು ಮಾಡಿಕೊಳ್ಳದೆ ತೂಗಿ ನೋಡಿ. ಹಾಗಂತ ಸದಸ್ಯರನ್ನು ಬದಲಿಸಲೆಂದೇ ಎತ್ತಿದ ಆಕ್ಷೇಪಕ್ಕೆ ಮಣಿಯಬೇಕಿಲ್ಲ.

ಕಚೇರಿಗಿಂತ ಜಾಸ್ತಿ ಕಷ್ಟ ಮದುವೆ ಮನೆಯಲ್ಲಿ. ನಾನೂ ಕೆಲವು ವರ್ಷ ಇಂಥ ಪೀಠದಲ್ಲಿ ಕೂತಿದ್ದೆ. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು, ‘ನಮ್ಮ ಹುಡುಗಂದೊಂದು ಕೇಸ್ ಐತ್ರಿ’ ಅಂದರು. ‘ಅಜ್ಜಾರ, ಅದನ್ನ ಇಲ್ಲಿ ಮಾತಾಡಬ್ಯಾಡ್ರಿ’ ಅಂದೆ. ಅವರು ಮುಖ ಸಣ್ಣ ಮಾಡಿಕೊಂಡರು. ನನಗೂ ಅನ್ನ ಇಳಿಯಲಿಲ್ಲ. ಮುಂದಿನ ತಾರೀಖಿಗೆ ಅದನ್ನು ಎರಡೂ ಕಡೆಯವರ ಎದುರು ಹೇಳಿದೆ. ಒಂದು ಕಡೆಯವರಿಂದ ಕೇಳಿದ್ದು ಇನ್ನೊಂದು ಕಡೆಯವರಿಗೆ ಗೊತ್ತಿಲ್ಲದೆ ಉಳಿಯಬಾರದು.

ಇನ್ನೊಂದು ಪಕ್ಷಪಾತ ಒಳಗೇ ಇರುತ್ತದೆ. ನಾನು ಮೆಣಸಿನಕಾಯಿ ಬೆಳೆಯುವ ಮನೆಯಿಂದ ಬಂದವನು. ಬೀಜದ ಕೇಸು ಬಂದರೆ ದೂರು ಓದುವ ಮೊದಲೇ ಮನಸ್ಸು ರೈತರ ಕಡೆ ವಾಲುತ್ತಿತ್ತು. ಇಷ್ಟಕ್ಕೇ ಹಿಂದೆ ಸರಿಯಲು ಆಗುವುದಿಲ್ಲ. ಕಂಪನಿಯವರ ಅತ್ಯಂತ ಬಲವಾದ ವಾದ ಯಾವುದೆಂದು ಮೊದಲು ನನ್ನ ಕೈಯಾರೆ ಬರೆಯುತ್ತಿದ್ದೆ. ಮಳೆ ಕೈಕೊಟ್ಟಿತ್ತೇ? ಬಿತ್ತಿದ ರೀತಿ ತಪ್ಪಿತ್ತೇ? ಅದಕ್ಕೆ ದಾಖಲೆಯಲ್ಲೇ ಉತ್ತರ ಸಿಕ್ಕರೆ ಮಾತ್ರ ರೈತರ ಪರ ಆದೇಶ.

ನೀವು ಎದ್ದರೆ ಕೇಸು ಅಲ್ಲಿಗೇ ನಿಲ್ಲುವುದಿಲ್ಲ. ವಿಚಾರಣೆಗೆ ಅಧ್ಯಕ್ಷರು ಮತ್ತು ಕನಿಷ್ಠ ಒಬ್ಬ ಸದಸ್ಯರು ಇದ್ದರೆ ಸಾಕು. ಅದೂ ಆಗದಿದ್ದರೆ ರಾಜ್ಯ ಆಯೋಗ ದೂರನ್ನು ಬೇರೆ ಜಿಲ್ಲೆಗೆ ವರ್ಗಾಯಿಸಬಹುದು.

ಕೇಸು ನಡೆಸುವವರಿಗೂ ಒಂದು ಮಾತು. ಆಕ್ಷೇಪ ಇದ್ದರೆ ಗೊತ್ತಾದ ಕೂಡಲೇ ಹೇಳಿ. 1957ರ ಮಾಣಕ್ ಲಾಲ್ ಪ್ರಕರಣದಲ್ಲಿ, ವಕೀಲ ಮಾಣಕ್ ಲಾಲ್ ಮೇಲಿನ ದೂರು ಕೇಳಿದ ಟ್ರಿಬ್ಯುನಲ್ ಅಧ್ಯಕ್ಷರು ಹಿಂದೊಮ್ಮೆ ದೂರುದಾರರ ಪರ ವಕೀಲರಾಗಿ ನಿಂತಿದ್ದರು. ಅವರು ಕೂರಬಾರದಿತ್ತು ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಆದರೆ ಮಾಣಕ್ ಲಾಲ್ ಗೊತ್ತಿದ್ದೂ ಟ್ರಿಬ್ಯುನಲ್ ಮುಂದೆ ಸುಮ್ಮನಿದ್ದರು. ಆಮೇಲೆ ಎತ್ತಿದ ಆಕ್ಷೇಪ ಉಪಯೋಗಕ್ಕೆ ಬರಲಿಲ್ಲ.