ದಿನಾ ಓಡಿಸುವ ಡೀಸೆಲ್ ಪಿಕಪ್‌ನಲ್ಲಿ ಸ್ಲೆಡ್ ಎಳೆಯಬೇಕು, ಮೊದಲು ಏನು ಮಾಡಿಸಲಿ?

ಪ್ರಶ್ನೆ: ನಾನಿರುವುದು ಅಮೆರಿಕದ ಓಹಾಯೋದಲ್ಲಿ. ನನ್ನ ಹತ್ತಿರ 2006ರ ಡಾಡ್ಜ್ ರಾಮ್ 2500 ಇದೆ. 5.9 ಲೀಟರ್ ಕಮಿನ್ಸ್ ಡೀಸೆಲ್, ಆಟೋಮ್ಯಾಟಿಕ್, ಫೋರ್ ವೀಲ್ ಡ್ರೈವ್. ದಿನಾ ಕೆಲಸಕ್ಕೆ ಹೋಗುವುದೂ ಇದರಲ್ಲೇ. ಈ ಬೇಸಿಗೆಯ ಕೌಂಟಿ ಫೇರ್‌ನಲ್ಲಿ ಸ್ಲೆಡ್ ಎಳೆಯೋಣ, ಅಂದರೆ ಭಾರದ ಬಂಡಿಯನ್ನು ಮಣ್ಣಿನ ಟ್ರ್ಯಾಕಿನಲ್ಲಿ ಎಳೆಯುವ ಸ್ಪರ್ಧೆಗೆ ಇಳಿಯೋಣ ಅಂತಿದ್ದೇನೆ. ಮೊದಲು ಟ್ಯೂನರ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವ ಸಾಧನ) ಹಾಕಿಸಿ ಪವರ್ ಜಾಸ್ತಿ ಮಾಡಿಸಬೇಕಾ?

ಉತ್ತರ: ಬೇಡ. ಟ್ಯೂನರ್ ಕೊನೆಗೆ ಬರಲಿ. ಮೊದಲು ಹಿಚ್ (ಸ್ಲೆಡ್ ಸಿಕ್ಕಿಸುವ ಹಿಂದಿನ ಕೊಂಡಿ), ಆಮೇಲೆ ಟೈರು ಮತ್ತು ಸಸ್ಪೆನ್ಷನ್, ಆಮೇಲೆ ಸ್ಟೀರಿಂಗ್ ಮತ್ತು ಡ್ರೈವ್‌ಶಾಫ್ಟ್. ಎಂಜಿನ್ ಮುಟ್ಟುವುದು ಇವೆಲ್ಲ ಆದ ಮೇಲೆ. ಶನಿವಾರ ಸ್ಲೆಡ್ ಎಳೆದ ಗಾಡಿಯೇ ಸೋಮವಾರ ನಿಮ್ಮನ್ನು ಕೆಲಸಕ್ಕೆ ಕರೆದೊಯ್ಯಬೇಕಲ್ವಾ? ಖರ್ಚಿನ ಕ್ರಮ ಅದರ ಮೇಲೆ ನಿಂತಿದೆ.

ಸ್ಲೆಡ್ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ನೋಡಿ. ರಾಯಚೂರಿನ ಕಾರಹುಣ್ಣಿಮೆಯಲ್ಲಿ ಎತ್ತುಗಳು ಕಲ್ಲು ಎಳೆಯುವುದನ್ನು ನೀವು ನೋಡಿರಬಹುದು. ಅಲ್ಲಿ ಕಲ್ಲಿನ ಭಾರ ಮೊದಲಿನಿಂದ ಕೊನೆಯವರೆಗೆ ಒಂದೇ. ಇಲ್ಲಿ ಹಾಗಲ್ಲ. ಸ್ಲೆಡ್ಡಿನ ಮೇಲೆ ಭಾರ ತುಂಬಿದ ಒಂದು ದೊಡ್ಡ ಪೆಟ್ಟಿಗೆ ಇರುತ್ತದೆ. ಶುರುವಿನಲ್ಲಿ ಅದು ಸ್ಲೆಡ್ಡಿನ ಹಿಂದಿನ ಚಕ್ರಗಳ ಮೇಲೆ ಕೂತಿರುತ್ತದೆ. ಗಾಡಿ ಎಳೆದಂತೆಲ್ಲ ಆ ಚಕ್ರಗಳೇ ಚೈನ್ ತಿರುಗಿಸಿ ಪೆಟ್ಟಿಗೆಯನ್ನು ಮುಂದಕ್ಕೆ ತರುತ್ತವೆ. ಸ್ಲೆಡ್ಡಿನ ಮುಂಭಾಗದಲ್ಲಿ ಪ್ಯಾನ್ ಅನ್ನುವ ಕಬ್ಬಿಣದ ತಟ್ಟೆ ಇದೆ. ಭಾರವೆಲ್ಲ ಅದರ ಮೇಲೆ ಬಂದಾಗ ಅದು ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಮೊದಲ 100 ಅಡಿ ಸಲೀಸು, ಕೊನೆಯ 100 ಅಡಿ ನರಕ. ಸಾಮಾನ್ಯವಾಗಿ 300 ಅಡಿ ದಾಟಿದರೆ ಫುಲ್ ಪುಲ್, ಅಂದರೆ ಪೂರ್ತಿ ಎಳೆದ ಹಾಗೆ.

ಈಗ ಪವರ್ ಲೆಕ್ಕ. ನಿಮ್ಮ ಎಂಜಿನ್ ಕಂಪನಿಯಿಂದ ಬಂದಾಗಲೇ 325 ಹಾರ್ಸ್‌ಪವರ್, 610 ಪೌಂಡ್-ಅಡಿ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ನಿಮ್ಮ 48ಆರ್‌ಇ ಗೇರ್‌ಬಾಕ್ಸ್‌ನಲ್ಲಿ ಮೊದಲ ಗೇರಿನ ಅನುಪಾತ 2.45, ಎರಡನೆಯದು 1.45, ಮೂರನೆಯದು 1. ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಲೋ ರೇಂಜ್ 2.72. ಆಕ್ಸಲ್ 3.73 ಅಂತ ಇಟ್ಟುಕೊಳ್ಳೋಣ, ಟೈರು ಸುಮಾರು 32 ಇಂಚು. 2,900 ಆರ್‌ಪಿಎಮ್‌ನಲ್ಲಿ, ದಾರಿಯಲ್ಲಿ ಶೇ 15ರಷ್ಟು ನಷ್ಟ ಹಿಡಿದರೆ, ಹೀಗೆ ಬರುತ್ತದೆ. ಹೈ ರೇಂಜ್ ಮೊದಲ ಗೇರಿನಲ್ಲಿ ಎಳೆಯುವ ಬಲ ಸುಮಾರು 3,400 ಪೌಂಡ್, ಚಕ್ರದ ವೇಗ ಗಂಟೆಗೆ 49 ಕಿ.ಮೀ. ಲೋ ರೇಂಜ್ ಮೂರರಲ್ಲಿ 3,800 ಪೌಂಡ್, ವೇಗ 44 ಕಿ.ಮೀ. ಲೋ ರೇಂಜ್ ಎರಡರಲ್ಲಿ 5,500 ಪೌಂಡ್, ವೇಗ 30 ಕಿ.ಮೀ.

ಈ ಲೆಕ್ಕದಿಂದ ಎರಡು ವಿಷಯ ಗೊತ್ತಾಗುತ್ತವೆ. ಹೈ ಒಂದು ಮತ್ತು ಲೋ ಮೂರು ಹೆಚ್ಚುಕಡಿಮೆ ಒಂದೇ ವೇಗ ಕೊಡುತ್ತವೆ. ಆದರೆ ಲೋ ಮೂರರಲ್ಲಿ ಟಾರ್ಕ್ ಹೆಚ್ಚುವುದು ಗೇರ್‌ಬಾಕ್ಸ್ ದಾಟಿದ ಮೇಲೆ. ಗೇರ್‌ಬಾಕ್ಸಿನ ಹೊಟ್ಟೆಯ ಮೇಲೆ ಬೀಳುವ ಹೊರೆ ತುಂಬ ಕಡಿಮೆ. ಹಾಗಾಗಿ ಹೈ ರೇಂಜ್‌ನಲ್ಲಿ ಎಳೆಯಲು ಕಾರಣವೇ ಇಲ್ಲ. ಎರಡನೆಯದು, ನಿಮ್ಮ ಗಾಡಿ ಸುಮಾರು 7,000 ಪೌಂಡ್ ತೂಗುತ್ತದೆ. ಲೋ ಎರಡರಲ್ಲಿ ಸಿಗುವ 5,500 ಪೌಂಡ್ ಬಲವೇ ರಸ್ತೆ ಟೈರು ಮಣ್ಣಿನಲ್ಲಿ ಹಿಡಿಯಬಲ್ಲ ಮಿತಿಯ ಹತ್ತಿರ ಬಂದುಬಿಡುತ್ತದೆ. ಅದರ ಮೇಲೆ ಪವರ್ ಸೇರಿಸಿದರೆ ಎಳೆತ ಹೆಚ್ಚುವುದಿಲ್ಲ, ಅದೇ ಎಳೆತವನ್ನು ಇನ್ನೂ ವೇಗದಲ್ಲಿ ಮಾಡಬಹುದು ಅಷ್ಟೆ. ಗೆಲ್ಲುವವರಿಗೆ ಆ ವೇಗ ಬೇಕೇ ಬೇಕು, ಸುಳ್ಳು ಹೇಳುವುದಿಲ್ಲ. ಆದರೆ ಮೊದಲ ವರ್ಷ ಲಿವರ್ 2ಕ್ಕೆ ಹಾಕಿ, ಫೋರ್ ಲೋನಲ್ಲಿ (ಫೋರ್ ವೀಲ್ ಡ್ರೈವ್, ಲೋ ರೇಂಜ್) ಎಳೆಯಿರಿ. ಗಾಡಿ ಹೇಗೆ ನಡೆದುಕೊಳ್ಳುತ್ತದೆ ಅಂತ ಚೆನ್ನಾಗಿ ತಿಳಿಯುತ್ತದೆ.

ಹಿಚ್ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಟ್ರೇಲರ್ ಎಳೆಯುವ ಬಾಲ್ ಬಳಸಲೇಬೇಡಿ. ಅದು ಕಿತ್ತು ಬಂದರೆ ಗುಂಡಿನ ಹಾಗೆ ಹಾರುತ್ತದೆ. ಸ್ಲೆಡ್ಡಿನ ಕೊಕ್ಕೆ ಸಿಕ್ಕಿಸಲು ದಪ್ಪ ಕಬ್ಬಿಣದ ರಿಂಗ್ ಇರುವ, ಅಲ್ಲಾಡದ ಪುಲ್ಲಿಂಗ್ ಹಿಚ್ ಬೇಕು. ರಿಸೀವರನ್ನು (ಹಿಚ್ ಕೂರುವ ಚೌಕ ಕೊಳವೆ) ಚಾಸಿಗೆ ಬಿಗಿದಿರುವ ಬೋಲ್ಟುಗಳನ್ನು ಒಂದೊಂದಾಗಿ ನೋಡಿ. ಹಳೇ ಓಹಾಯೋ ಗಾಡಿ ಅಂದ ಮೇಲೆ ಚಳಿಗಾಲದ ಉಪ್ಪಿಗೆ ತುಕ್ಕು ಹಿಡಿದಿರುವುದು ಸಹಜ. ಎಷ್ಟೋ ಕ್ಲಬ್ಬುಗಳಲ್ಲಿ ಹಿಚ್ಚಿನ ಎತ್ತರಕ್ಕೆ 26 ಇಂಚು ಮಿತಿ. ಆ ಮಿತಿಯ ಹತ್ತಿರವೇ ಇಡಿ. ಹಿಚ್ ಎತ್ತರ ಇದ್ದಷ್ಟೂ ಚೈನ್ ಸ್ಲೆಡ್ ಕಡೆಗೆ ಇಳಿಜಾರಾಗುತ್ತದೆ. ಆಗ ಅದು ಪ್ಯಾನನ್ನು ಸ್ವಲ್ಪ ಮೇಲೆತ್ತುತ್ತದೆ, ನಿಮ್ಮ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತುತ್ತದೆ.

ಆದರೆ ಇದಕ್ಕೂ ಬೆಲೆ ಇದೆ. ನಿಮ್ಮದು ಕ್ವಾಡ್ ಕ್ಯಾಬ್ (ನಾಲ್ಕು ಬಾಗಿಲು), ಚಿಕ್ಕ ಬೆಡ್ ಆಗಿದ್ದರೆ ಮುಂದಿನ ಹಿಂದಿನ ಆಕ್ಸಲ್ ನಡುವಿನ ದೂರ, ಅಂದರೆ ವೀಲ್‌ಬೇಸ್ 140.5 ಇಂಚು. 26 ಇಂಚು ಎತ್ತರದಲ್ಲಿ 5,000 ಪೌಂಡ್ ಎಳೆದರೆ ಮುಂದಿನ ಚಕ್ರಗಳಿಂದ ಸುಮಾರು 900 ಪೌಂಡ್ ಭಾರ ಹಿಂದಕ್ಕೆ ಹೋಗುತ್ತದೆ. ಮುಂದಿನ ಟೈರು ಹಗುರಾಗಿ ಸುಮ್ನೆ ತಿರುಗಲು ಶುರುಮಾಡುತ್ತದೆ. ಅದಕ್ಕೇ ಈ ಆಟದವರು ಬಂಪರಿನ ಮುಂದೆ ತೂಕ ನೇತುಹಾಕುವುದು. ನಿಮ್ಮ ಕ್ಲಾಸಿನ (ಸ್ಪರ್ಧೆಯ ವಿಭಾಗದ) ತೂಕದ ಮಿತಿ ನೋಡಿ, ಎಷ್ಟು ಬಾಕಿ ಇದೆಯೋ ಅಷ್ಟನ್ನು ಮುಂದೆ ಹಾಕಿ. ಬೆಡ್‌ನಲ್ಲಿ ಮರಳಿನ ಚೀಲ ತುಂಬುವುದು ಹಿಂದೆ ಭಾರ ಜಾಸ್ತಿ ಮಾಡುತ್ತದೆ, ನಮಗೆ ಬೇಕಾದ್ದು ಅದಲ್ಲ.

ಗಾಡಿ ಮುರಿಯುವುದು ಹೆಚ್ಚಾಗಿ ವೀಲ್ ಹಾಪ್‌ನಿಂದ. ಹಿಂದಿನ ಲೀಫ್ ಸ್ಪ್ರಿಂಗುಗಳು ಟಾರ್ಕಿಗೆ ತಿರುಚಿಕೊಳ್ಳುತ್ತವೆ, ಬಿಡುತ್ತವೆ, ಮತ್ತೆ ತಿರುಚಿಕೊಳ್ಳುತ್ತವೆ. ಗಾಡಿ ಕುಣಿಯುತ್ತದೆ. ಪ್ರತಿ ಕುಣಿತಕ್ಕೂ ಯು-ಜಾಯಿಂಟಿಗೆ (ಡ್ರೈವ್‌ಶಾಫ್ಟಿನ ಕೀಲು), ಆಕ್ಸಲ್ ಶಾಫ್ಟಿಗೆ ಸುತ್ತಿಗೆ ಏಟು. ಇದಕ್ಕೆ ಟ್ರ್ಯಾಕ್ಷನ್ ಬಾರ್ (ಆಕ್ಸಲ್ ತಿರುಚದಂತೆ ಚಾಸಿಗೆ ಬಿಗಿಯುವ ಕಂಬಿ) ಹಾಕಿಸಿ. ನಿಮ್ಮ ಬಜೆಟ್ಟಿನಲ್ಲಿ ಹಿಚ್ ಆದ ಮೇಲಿನ ಮೊದಲ ದುಡ್ಡು ಇದಕ್ಕೇ ಹೋಗಲಿ. ದಿನನಿತ್ಯದ ಓಡಾಟಕ್ಕೂ ಇದರಿಂದ ಏನೂ ತೊಂದರೆ ಇಲ್ಲ. ಹಿಂಭಾಗ ಕುಸಿಯದಂತೆ ಸ್ಪ್ರಿಂಗ್ ಮತ್ತು ಚಾಸಿ ನಡುವೆ ಗಟ್ಟಿ ಬ್ಲಾಕ್ ಇಡುವವರೂ ಇದ್ದಾರೆ. ಅದನ್ನು ಕೆಲವು ಸ್ಟಾಕ್ ಕ್ಲಾಸುಗಳು (ಹೆಚ್ಚು ಬದಲಿಸದ ಗಾಡಿಗಳ ವಿಭಾಗ) ಒಪ್ಪುವುದಿಲ್ಲ. ಇಟ್ಟರೂ ಮನೆಗೆ ಹೊರಡುವ ಮುಂಚೆ ಬಿಚ್ಚಿಬಿಡಿ.

ಟೈರು ರಸ್ತೆಗೆ ಒಪ್ಪಿತವಾದದ್ದೇ ಇರಬೇಕು ಅನ್ನುವುದು ಸ್ಟಾಕ್ ಕ್ಲಾಸಿನ ಸಾಮಾನ್ಯ ನಿಯಮ. ಒಳ್ಳೆಯ ಆಲ್ ಟೆರೇನ್ ಸಾಕು. ಗಾಳಿ ಎಷ್ಟು ಅನ್ನುವುದು ಟ್ರ್ಯಾಕಿನ ಮಣ್ಣಿನ ಮೇಲೆ ಹೋಗುತ್ತದೆ, ಅಲ್ಲಿ ಎಳೆಯುತ್ತಿರುವವರನ್ನೇ ಕೇಳಿ. ಇಳಿಸಿದ್ದರೆ ವಾಪಸ್ ಹೊರಡುವಾಗ ತುಂಬಿಸಲು ಕಂಪ್ರೆಸರ್ ಜೊತೆಗಿರಲಿ.

ಸ್ಟೀರಿಂಗ್ ಬಗ್ಗೆ ನಿಮ್ಮ ಮಾಡೆಲ್ಲಿನವರು ವಿಶೇಷವಾಗಿ ಗಮನಿಸಬೇಕು. 2006ರ ರಾಮ್‌ನಲ್ಲಿರುವುದು ವೈ ಆಕಾರದ ಟೈ ರಾಡ್ (ಮುಂದಿನ ಚಕ್ರಗಳನ್ನು ಸ್ಟೀರಿಂಗಿಗೆ ಜೋಡಿಸುವ ಕಂಬಿ) ಜೋಡಣೆ. ಮುಂದಿನ ಚಕ್ರ ಜೋರಾಗಿ ಎಳೆಯುವಾಗ ಎರಡೂ ಟೈರು ಒಳಕ್ಕೋ ಹೊರಕ್ಕೋ ತಿರುಗಿಬಿಡುತ್ತವೆ. ಆಮೇಲಿನ ವರ್ಷಗಳ ಗಾಡಿಗೆ ಬಂದ ಟಿ ಆಕಾರದ, ದಪ್ಪ ರಾಡಿನ ಜೋಡಣೆ ಇದಕ್ಕೂ ಕೂರುತ್ತದೆ. ಹಳೆಯದು ಸವೆದಿದ್ದರೆ ಇದನ್ನೇ ಹಾಕಿಸಿ. ಯು-ಜಾಯಿಂಟುಗಳ ಸುತ್ತ ಕಬ್ಬಿಣದ ಕವಚ, ಡ್ರೈವ್‌ಶಾಫ್ಟಿಗೆ ಲೂಪ್ (ಮುರಿದರೆ ಕೆಳಗೆ ಬೀಳದಂತೆ ಹಿಡಿಯುವ ಬಳೆ), ಹೆಲ್ಮೆಟ್, ಬೆಂಕಿ ಆರಿಸುವ ಸಿಲಿಂಡರ್ ಇವುಗಳಲ್ಲಿ ಯಾವುದು ಕಡ್ಡಾಯ ಅನ್ನುವುದು ಕ್ಲಬ್ಬಿನ ನಿಯಮದ ಹಾಳೆಯಲ್ಲಿ ಇರುತ್ತದೆ. ಕಡ್ಡಾಯ ಅಲ್ಲದಿದ್ದರೂ ಹಾಕಿ.

ಈಗ ಟ್ಯೂನರ್. 48ಆರ್‌ಇ ಕಂಪನಿ ಪವರಿಗೆ ಸಾಕು, ಅದರ ಮೇಲೆ ಬೇಗ ಸೋಲುತ್ತದೆ. ಟ್ಯೂನ್ ಮಾಡಿಸಿದರೆ ಮೊದಲು ಜಾರುವುದು ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಮತ್ತು ಒಳಗಿನ ಕ್ಲಚ್‌ಗಳು. ಹಾಗಾಗಿ ಟ್ಯೂನರಿನ ನಿಜವಾದ ಬೆಲೆಯಲ್ಲಿ ಗೇರ್‌ಬಾಕ್ಸ್ ರಿಪೇರಿಯನ್ನೂ ಸೇರಿಸಿ ಲೆಕ್ಕ ಹಾಕಿ. ಹಾಕಿಸುವುದೇ ಆದರೆ ಟರ್ಬೋಗೆ ಮುಂಚೆ ಎಕ್ಸಾಸ್ಟ್ ಬಿಸಿ ತೋರಿಸುವ ಗೇಜ್ ಇರಲೇಬೇಕು. 1,250 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಹಾಗೇ ನಿಂತರೆ ಅಲ್ಯೂಮಿನಿಯಂ ಪಿಸ್ಟನ್ನಿಗೆ ಅಪಾಯ. ನಿಮ್ಮ 5.9ಕ್ಕೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇಲ್ಲ. ಆದರೆ 2007ರಿಂದ ಬಂದ 6.7 ಲೀಟರ್ ಇಟ್ಟುಕೊಂಡವರು ಅದನ್ನು ಕಿತ್ತುಹಾಕಬೇಡಿ. ರಸ್ತೆ ಗಾಡಿಯಲ್ಲಿ ಅದು ಕ್ಲೀನ್ ಏರ್ ಆಕ್ಟ್ ಪ್ರಕಾರ ಕಾನೂನುಬಾಹಿರ. ಹಾಗೆ ಕಿತ್ತುಹಾಕಿದ ಡೀಸೆಲ್ ಪಿಕಪ್‌ಗಳು ಒಂದು ದಶಕದಲ್ಲಿ 5.5 ಲಕ್ಷಕ್ಕೂ ಜಾಸ್ತಿ ಅಂತ ಅಮೆರಿಕದ ಪರಿಸರ ಸಂಸ್ಥೆ ಇಪಿಎ 2020ರಲ್ಲಿ ಅಂದಾಜು ಮಾಡಿತ್ತು. ಅಷ್ಟು ಹೊಗೆ ಉಸಿರಾಡುವವರು ನಮ್ಮ ಅಕ್ಕಪಕ್ಕದವರೇ.

ಕ್ಲಾಸ್ ಆರಿಸುವಾಗ ಸ್ಟಾಕ್ ಅಥವಾ ವರ್ಕ್ ಸ್ಟಾಕ್‌ಗೆ ಹೆಸರು ಕೊಡಿ. 2.5, 2.6, 3.0 ಅಂತ ಕರೆಯುವ ಕ್ಲಾಸುಗಳು ಟರ್ಬೋ ಬಾಯಿಯ ಇಂಚಿನ ಅಳತೆಯ ಮೇಲೆ ನಡೆಯುತ್ತವೆ, ಅಲ್ಲಿ ಬರುವ ಗಾಡಿಗಳೇ ಬೇರೆ. ನಿಮ್ಮ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ ಪ್ರತಿ ಆಗಸ್ಟ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತದೆ. ಹೋಗಿ ಕಣ್ತುಂಬ ನೋಡಿ, ಆದರೆ ಆ ಗಾಡಿಗಳನ್ನು ಮಾದರಿ ಮಾಡಿಕೊಳ್ಳಬೇಡಿ. ಅವು ಬರುವುದು, ಹೋಗುವುದು ಟ್ರೇಲರ್ ಮೇಲೆ.

ಎಳೆಯುವಾಗ ಮೊದಲು ಚೈನ್ ಮೆಲ್ಲಗೆ ಬಿಗಿಮಾಡಿ, ಜಗ್ಗಬೇಡಿ. ಹಸಿರು ಬಾವುಟ ಬಂದ ಮೇಲೆ ಕೆಲವು ಅಡಿ ಹದವಾಗಿ ಹೊರಟು, ಭಾರ ಏರುವ ಮುಂಚೆ ಪೂರ್ತಿ ಒತ್ತಿ. ಗಾಡಿ ಕುಣಿಯಿತೋ, ತಕ್ಷಣ ಕಾಲು ತೆಗೆಯಿರಿ. ಇನ್ನೂ 20 ಅಡಿ ಸಿಗುತ್ತಿತ್ತೇನೋ ಅಂತ ಅನ್ನಿಸುತ್ತದೆ, ಆದರೂ ತೆಗೆಯಿರಿ. ಮುಗಿದ ಮೇಲೆ ಎಂಜಿನ್ ಕೂಡಲೇ ಆಫ್ ಮಾಡಬೇಡಿ, ಟರ್ಬೋ ತಣಿಯುವವರೆಗೆ ಐಡಲ್‌ನಲ್ಲಿ ಬಿಡಿ.

ಭಾನುವಾರ ಗಾಡಿ ಕೆಳಗೆ ಮಲಗಿ ಯು-ಜಾಯಿಂಟುಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಹಿಚ್ಚಿನ ಮತ್ತು ಟ್ರ್ಯಾಕ್ಷನ್ ಬಾರಿನ ಬೋಲ್ಟುಗಳನ್ನು ಮತ್ತೆ ಬಿಗಿಮಾಡಿ. ಗೇರ್‌ಬಾಕ್ಸ್ ಎಣ್ಣೆ ಸುಟ್ಟ ವಾಸನೆ ಬರುತ್ತಿದ್ದರೆ ಬದಲಿಸಿ. ಹೈವೇನಲ್ಲಿ ಸ್ಟೀರಿಂಗ್ ಹೊಸದಾಗಿ ನಡುಗಲು ಶುರುವಾಗಿದ್ದರೆ ಟ್ರ್ಯಾಕ್ ಬಾರ್ (ಮುಂದಿನ ಆಕ್ಸಲ್ ಅಕ್ಕಪಕ್ಕ ಸರಿಯದಂತೆ ಹಿಡಿಯುವ ಕಂಬಿ) ಮತ್ತು ಟೈ ರಾಡ್ ತುದಿಗಳನ್ನು ಪರೀಕ್ಷೆ ಮಾಡಿಸಿ, ಅದಾಗುವ ತನಕ ಬೇರೆಯವರ ಕಾರಿನಲ್ಲಿ ಕೆಲಸಕ್ಕೆ ಹೋಗಿ.