ಕಡಗೋಲು, ಗಡಿಗೆ ಮತ್ತು ಹಳೆಯ ಲಾರಿಯ ಮುಳ್ಳು

ಹಳೆಯ ಲಾರಿಯ ಸ್ಪೀಡೋಮೀಟರ್ ತಪ್ಪು ತೋರಿಸಿತೆಂದರೆ ಮೀಟರನ್ನೇ ಬದಲಿಸುವ ರೂಢಿ ನಮ್ಮಲ್ಲಿದೆ. ಇಲ್ಲವೇ ಗಾಜು ಬಿಚ್ಚಿ, ಮುಳ್ಳು ಕಿತ್ತು, ಅಂದಾಜಿನ ಮೇಲೆ ಬೇರೆ ಕಡೆ ಒತ್ತಿಬಿಡುತ್ತಾರೆ. ಬಹಳ ಸಲ ಎರಡೂ ದಂಡ. ತಪ್ಪು ಟೈರಿನಲ್ಲಿರಬಹುದು, ಗೇರ್‌ಬಾಕ್ಸಿನಲ್ಲಿ ಕೇಬಲ್ ತಿರುಗಿಸುವ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರದಲ್ಲಿರಬಹುದು, ಕೇಬಲ್ಲಿನಲ್ಲಿರಬಹುದು. ಮೀಟರಿನ ಒಳಗೇನಿದೆ ಎಂದು ಒಮ್ಮೆ ತಿಳಿದರೆ ತಪ್ಪಿನ ಜಾಗ ತಾನಾಗಿ ಸಿಗುತ್ತದೆ.

ಗೇರ್‌ಬಾಕ್ಸಿನ ಹಿಂಬದಿಯಿಂದ ಬರುವ ಒಂದೇ ಕೇಬಲ್ ಎರಡು ಕೆಲಸ ಮಾಡುತ್ತದೆ. ಕಿಲೋಮೀಟರ್ ಎಣಿಸುವ ಅಂಕಿಚಕ್ರಗಳನ್ನು, ಅಂದರೆ ಓಡೋಮೀಟರನ್ನು, ಹಲ್ಲಿಗೆ ಹಲ್ಲು ಕೂಡಿಸಿ ತಿರುಗಿಸುತ್ತದೆ, ಅಲ್ಲಿ ಜಾರಾಟವಿಲ್ಲ. ಮುಳ್ಳನ್ನು ಮಾತ್ರ ಮುಟ್ಟುವುದೇ ಇಲ್ಲ! ಕೇಬಲ್ಲಿನ ತುದಿಯಲ್ಲಿ ಒಂದು ಅಯಸ್ಕಾಂತ ತಿರುಗುತ್ತದೆ, ಅದರ ಸುತ್ತ ಕೂದಲೆಳೆಯಷ್ಟು ಸಂದು ಬಿಟ್ಟು ಅಲ್ಯೂಮಿನಿಯಂ ಬಟ್ಟಲು, ಬಟ್ಟಲಿನ ಕಡ್ಡಿಗೆ ಮುಳ್ಳು ಮತ್ತು ಸುರುಳಿ ಸ್ಪ್ರಿಂಗು. ಅಯಸ್ಕಾಂತಕ್ಕೆ ಅಂಟದ ಅಲ್ಯೂಮಿನಿಯಂ ಹೇಗೆ ಎಳೆಸಿಕೊಳ್ಳುತ್ತದೆ?

ಮಜ್ಜಿಗೆ ಕಡೆಯುವುದನ್ನು ನೆನೆಯಿರಿ. ಕಡಗೋಲು ಗಡಿಗೆಯ ಗೋಡೆಗೆ ತಾಗುವುದಿಲ್ಲ. ಆದರೂ ಸುತ್ತುವ ಮೊಸರಿನ ಜೊತೆ ಗಡಿಗೆಯೂ ತಿರುಗಲು ಹೊರಡುತ್ತದೆ, ಕೈಯಲ್ಲಿ ಒತ್ತಿ ಹಿಡಿಯಬೇಕು. ಜೋರಾಗಿ ಕಡೆದಷ್ಟೂ ಬಿಗಿಯಾಗಿ ಹಿಡಿಯಬೇಕು. ಅಯಸ್ಕಾಂತ ಕಡಗೋಲು, ಬಟ್ಟಲು ಗಡಿಗೆ, ಸ್ಪ್ರಿಂಗು ಹಿಡಿದ ಕೈ. ಮೊಸರಿನ ಜಾಗದಲ್ಲಿರುವುದು ಕಾಂತಕ್ಷೇತ್ರ: ಅದು ಸರಿದಾಗ ಲೋಹದೊಳಗೆ ಸುಳಿ ವಿದ್ಯುತ್ ಹುಟ್ಟಿ, ತನ್ನದೇ ಕಾಂತತ್ವದಿಂದ ಅಯಸ್ಕಾಂತದ ಬೆನ್ನು ಹತ್ತುತ್ತದೆ. ಹಳೆಯ ಹಾರ್ಡ್‌ಡಿಸ್ಕಿನ ಅಯಸ್ಕಾಂತವನ್ನು ವಾಲಿಸಿದ ದಪ್ಪ ಅಲ್ಯೂಮಿನಿಯಂ ತವೆಯ ಮೇಲೆ ಜಾರಿಬಿಡಿ. ಜೇನಿನಲ್ಲಿ ಇಳಿದಂತೆ ತಡೆದು ತಡೆದು ಇಳಿಯುತ್ತದೆ.

ತಿರುಗುವ ತಾಮ್ರದ ತಟ್ಟೆ ಕಾಂತಸೂಜಿಯನ್ನು ಎಳೆದೊಯ್ಯುವುದನ್ನು ಫ್ರಾನ್ಸಿನ ಅರಾಗೊ 1824ರಲ್ಲೇ ಕಂಡಿದ್ದ. ಕಾರಣ ಹೊಳೆದದ್ದು 1831ರಲ್ಲಿ ಫ್ಯಾರಡೆಗೆ. ಅದನ್ನು ವೇಗಮಾಪಕವಾಗಿಸಿ 1902ರಲ್ಲಿ ಪೇಟೆಂಟ್ ಪಡೆದವನು ಜರ್ಮನಿಯ ಒಟ್ಟೊ ಶುಲ್ಜೆ. ಇದರಲ್ಲೊಂದು ತೊಡಕಿದೆ. ಅಲ್ಯೂಮಿನಿಯಂನ ವಿದ್ಯುತ್ ರೋಧ ಡಿಗ್ರಿಗೆ ಸುಮಾರು 0.4% ಏರುತ್ತದೆ. ನಸುಕಿನ 20 ಡಿಗ್ರಿಯಿಂದ ರಾಯಚೂರಿನ ಮಧ್ಯಾಹ್ನ ಕ್ಯಾಬಿನ್ 45ಕ್ಕೆ ಕಾದರೆ ಸೆಳೆತ ಸುಮಾರು 10% ಇಳಿಯಬೇಕು. ಇಳಿಯದಿರಲೆಂದು ಅಯಸ್ಕಾಂತದ ಮಗ್ಗುಲಲ್ಲಿ ನಿಕ್ಕಲ್-ಕಬ್ಬಿಣದ ಮಿಶ್ರಲೋಹದ ತುಂಡು ಕೂರಿಸಿರುತ್ತಾರೆ. ಅದು ಕಾದಾಗ ಕದಿಯುವ ಕಾಂತತ್ವ ಕಡಿಮೆ, ಬಟ್ಟಲಿಗೆ ಸಿಗುವುದು ಹೆಚ್ಚು.

ಈಗ ಪರೀಕ್ಷೆ. ಟೈರಿಗೆ ಸರಿಯಾದ ಗಾಳಿ ಹೊಡೆಸಿ, ಫೋನಿನ ಜಿಪಿಎಸ್ ಅಳತೆಯಲ್ಲಿ 50 ಕಿ.ಮೀ. ಓಡಿಸಿ, ಓಡೋಮೀಟರ್ ಎಷ್ಟೆಂದಿತು ಬರೆದುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಜಿಪಿಎಸ್ 30, 45, 60 ತೋರುವಾಗ ಮುಳ್ಳು ಎಲ್ಲಿದೆ ಎಂದು ಪಕ್ಕದಲ್ಲಿ ಕೂತವರು ಬರೆಯಲಿ. ಜಿಪಿಎಸ್ ತುಸು ತಡ ಮಾಡುತ್ತದೆ. ಪ್ರತಿ ವೇಗವನ್ನೂ 10 ಸೆಕೆಂಡು ಹಿಡಿದಿಡಬೇಕು. ಫೋನಿಲ್ಲದಿದ್ದರೆ ಕಿಲೋಮೀಟರ್ ಕಲ್ಲು ಮತ್ತು ಗಡಿಯಾರ ಸಾಕು: 3600ನ್ನು ಸೆಕೆಂಡಿನಿಂದ ಭಾಗಿಸಿ. 72 ಸೆಕೆಂಡಾದರೆ 50. ಬೈಪಾಸ್ ಆದ ಕಡೆ ಕಲ್ಲುಗಳ ಅಂತರ ನಂಬುವ ಹಾಗಿಲ್ಲ, ನಾಲ್ಕೈದು ಕಲ್ಲುಗಳ ಸರಾಸರಿ ತೆಗೆಯಿರಿ.

ಎಲ್ಲ ವೇಗದಲ್ಲೂ ಒಂದೇ 5 ಕಿ.ಮೀ. ವ್ಯತ್ಯಾಸವಿದ್ದರೆ ಯಾರೋ ಮುಳ್ಳು ಕಿತ್ತು ತಪ್ಪಾಗಿ ಕೂರಿಸಿದ್ದಾರೆ. ವೇಗದ ಜೊತೆ ತಪ್ಪೂ ಬೆಳೆಯುತ್ತಾ ಹೋಗಿ ಓಡೋಮೀಟರ್ ಮಾತ್ರ ಸರಿಯಿದ್ದರೆ ದೋಷ ಮೀಟರಿನೊಳಗೆ: ಅಯಸ್ಕಾಂತ ಸೊರಗಿದರೆ ಕಡಿಮೆ ತೋರುತ್ತದೆ, ಸ್ಪ್ರಿಂಗು ಸೋತರೆ ಹೆಚ್ಚು. ಇದು ಮೀಟರ್ ರಿಪೇರಿಯವರ ಕೆಲಸ. ಅಯಸ್ಕಾಂತಕ್ಕೆ ಮತ್ತೆ ಕಾಂತತ್ವ ತುಂಬಿ, ಹೆಚ್ಚಾದದ್ದನ್ನು ಇಳಿಸುತ್ತಾ ಹದಕ್ಕೆ ತರುತ್ತಾರೆ.

ಓಡೋಮೀಟರೂ ಮುಳ್ಳೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಮೀಟರನ್ನು ಮುಟ್ಟಲೇಬೇಡಿ. 9.00-20 ಟೈರಿದ್ದ ಲಾರಿಗೆ 10.00-20 ಹಾಕಿದರೆ ಆಗುವುದು ಇದೇ. ಸುತ್ತಳತೆ ಶೇಕಡ ಮೂರ್ನಾಲ್ಕು ಹೆಚ್ಚುತ್ತದೆ, ಮೀಟರ್ ಅಷ್ಟು ಕಡಿಮೆ ತೋರುತ್ತದೆ. ಅಪಾಯದ ಕಡೆಯ ತಪ್ಪು ಇದು. 50 ಕಿ.ಮೀ.ಗೆ ಓಡೋಮೀಟರ್ 48 ಎಂದಿತು ಎನ್ನಿ. 50ನ್ನು 48ರಿಂದ ಭಾಗಿಸಿದರೆ 1.042, ಕೇಬಲ್ ಅಷ್ಟು ಪಟ್ಟು ಬೇಗ ತಿರುಗಬೇಕು. ಕೇಬಲ್ ತಿರುಗಿಸುವ ಪಿನಿಯನ್ನಿಗೆ 24 ಹಲ್ಲಿದ್ದರೆ 23ರದ್ದನ್ನು ಹಾಕಿ: 24/23 ಅಂದರೆ 1.043. ಹಲ್ಲು ಕಡಿಮೆಯಾದರೆ ವೇಗ ಹೆಚ್ಚು. ಇಲ್ಲೇ ಅನೇಕರು ಉಲ್ಟಾ ಮಾಡುವುದು. ಒಪ್ಪುವ ಪಿನಿಯನ್ ಸಿಗದಿದ್ದರೆ ಗೇರ್‌ಬಾಕ್ಸಿಗೂ ಕೇಬಲ್ಲಿಗೂ ನಡುವೆ ಕೂರುವ ಸಣ್ಣ ಅನುಪಾತದ ಪೆಟ್ಟಿಗೆ ಹಾಕಿಸಬಹುದು. ಪಿನಿಯನ್ ಬಿಚ್ಚಿದಾಗ ಅದರ ಆಯಿಲ್ ಸೀಲನ್ನೂ ಬದಲಿಸಿ. ಸೋರಿದ ಆಯಿಲ್ ಕೇಬಲ್ ಹಿಡಿದು ಮೀಟರಿನ ತನಕ ಏರುತ್ತದೆ.

ಮುಳ್ಳು ಕುಣಿಯುತ್ತಿದ್ದರೆ ಕೇಬಲ್ ನೋಡಿ. ಒಳತಂತಿಯನ್ನು ಎಳೆದು ಮೇಜಿನ ಮೇಲೆ ಉದ್ದಕ್ಕೆ ಹಾಸಿ, ಒಂದು ತುದಿಯನ್ನು ಬೆರಳಲ್ಲಿ ಹೊರಳಿಸಿ. ನಡುವೆ ಎಲ್ಲಾದರೂ ಟಪ್ಪೆಂದು ಹಾರಿದರೆ ಅಲ್ಲಿ ಮಡಿಕೆಯಿದೆ, ತಂತಿ ಬದಲಿಸಬೇಕು. ಸರಿಯಿದ್ದರೆ ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿ, ಮೀಟರ್ ಕಡೆಯ ಒಂದು ಗೇಣು ಒಣಗಿದ್ದಂತೆಯೇ ಬಿಡಿ. ಗ್ರೀಸ್ ಮೇಲೇರಿ ಆ ಕೂದಲೆಳೆ ಸಂದಿಗೆ ಇಳಿದರೆ ಬಟ್ಟಲನ್ನು ಅದೇ ಎಳೆಯತೊಡಗುತ್ತದೆ: ಮುಳ್ಳು ಹೆಚ್ಚು ತೋರುತ್ತದೆ, ಲಾರಿ ನಿಂತ ಮೇಲೂ ಸೊನ್ನೆಗೆ ತೆವಳಿಕೊಂಡು ಬರುತ್ತದೆ.